ಬೌದ್ಧಿಕ ಅಂಗವೈಕಲ್ಯ ಇರೋ ದೊಡ್ಡವರ ಸಂಜೆ ಫಿಟ್‌ನೆಸ್ ಬ್ಯಾಚ್: ನಿಜವಾಗ್ಲೂ ಬೆವರು ಬರುತ್ತೆ, 4 ಸ್ಟಾರ್

ಇಲ್ಲಿ ನನಗಿಂತ ಮುಂಚೆ ಬರ್ದಿರೋ ರಿವ್ಯೂ ಎಲ್ಲಾ ಓದಿದೆ. ಎಲ್ಲಾ 5 ಸ್ಟಾರು, ಎಲ್ಲದ್ರಲ್ಲೂ "ದೇವರ ಕೆಲಸ ಮಾಡ್ತಿದೀರ", "ಪುಣ್ಯಾತ್ಮರು", "ಇಂಥ ಮಕ್ಕಳನ್ನ ನೋಡ್ಕೊಳೋದು ಸುಲಭ ಅಲ್ಲ" ಅಂತ, ಅಷ್ಟೇ. ಕ್ಲಾಸ್ ಹೇಗಿದೆ ಅಂತ ಒಬ್ರಾದ್ರೂ ಬರ್ದಿಲ್ಲ. ಅಲ್ಲಿಗೆ ಬರೋರು ಮಕ್ಕಳೂ ಅಲ್ಲ ಕಣ್ರೀ, ಅರ್ಧ ಜನಕ್ಕೆ ತಲೆ ನೆರೆಯಕ್ಕೆ ಶುರುವಾಗಿದೆ. ತಿಂಗಳಿಗೆ 1,800 ರೂಪಾಯಿ ತಗೊಳೋ ಸರ್ವೀಸು ಇದು, ಬೇರೆ ಜಿಮ್ ಹೇಗಿದೆ ಅಂತ ಹೇಳ್ತೀವೋ ಹಾಗೇ ಇದನ್ನೂ ಹೇಳೋಣ ಅಂತ ಕೂತೆ. ಉದ್ದ ಆಗುತ್ತೆ, ಮನೇಲಿ ಇಂಥೋರು ಒಬ್ರಿರೋರು ಹೇಗೂ ಪೂರ್ತಿ ಓದ್ತೀರ, ಉಳಿದೋರು ಸ್ಟಾರ್ ನೋಡ್ಕೊಂಡು ಮುಂದಕ್ಕೆ ಹೋಗಿ.

ನನ್ ತಮ್ಮಂಗೆ 34, ಡೌನ್ ಸಿಂಡ್ರೋಮ್, ಅಂದ್ರೆ ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಜಾಸ್ತಿ, ಬುದ್ಧಿ ಬೆಳವಣಿಗೆ ನಿಧಾನ. ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ಹುಟ್ಟಿದಾಗ ಹಾರ್ಟಲ್ಲಿ ಸಣ್ಣ ತೂತಿತ್ತು ಅದು ತಾನಾಗೇ ಮುಚ್ಕೊಂತು, ಪಾದ ಚಪ್ಪಟೆ, ಮೈಯೆಲ್ಲಾ ಸ್ವಲ್ಪ ಸಡಿಲ. ಚಿಕ್ಕೋನಿದ್ದಾಗ ಇಲ್ಲೇ ಮೈಸೂರಿನ ಮಾನಸಗಂಗೋತ್ರಿಲಿರೋ ಆಯಿಷ್‌ಗೆ (ವಾಕ್ ಶ್ರವಣ ಸಂಸ್ಥೆ) ಸ್ಪೀಚ್ ಥೆರಪಿ ಅಂತ ಅಮ್ಮ ಎತ್ಕೊಂಡು ಓಡಾಡಿದಾರೆ, ಫಿಸಿಯೋ ಮಾಡ್ಸಿದಾರೆ, ಸ್ಪೆಷಲ್ ಸ್ಕೂಲಲ್ಲಿ ಪಿ.ಟಿ ಪೀರಿಯಡ್ ಇತ್ತು, ಸ್ಪೋರ್ಟ್ಸ್ ಡೇ ಬಂದ್ರೆ ಸಾಫ್ಟ್‌ಬಾಲ್ ಎಸೆದು ಸರ್ಟಿಫಿಕೇಟ್ ತರ್ತಿದ್ದ. 18 ಆದ್ಮೇಲೆ ಸ್ಕೂಲ್ ಮುಗೀತು. ಆಮೇಲೆ ಒಂದು ವೊಕೇಶನಲ್ ಯೂನಿಟ್, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೂ ಕುರ್ಚಿ ಮೇಲೆ ಕೂತು ಪೇಪರ್ ಕವರ್ ಅಂಟಿಸೋದು, ಕೋವಿಡ್ ಬಂದು ಅದೂ ಮುಚ್ಚಿತು, ಆಮೇಲೆ ಸೋಫಾ, ಟಿವಿ, ಕೈಯಲ್ಲಿ ಮೊಬೈಲು. ಈ ಊರಲ್ಲಿ ಆರು ವರ್ಷದೊಳಗಿನ ಮಗುಗಾದ್ರೆ ರಸ್ತೆಗೊಂದು ಥೆರಪಿ ಸೆಂಟರ್ ಇದೆ, ಅದೇ ಮಗು 30 ದಾಟಿದ್ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇಲ್ಲ. 1980ರ ಸುಮಾರಿಗೆ ಅಮೆರಿಕದಲ್ಲೇ ಡೌನ್ ಸಿಂಡ್ರೋಮ್ ಇರೋರ ಸರಾಸರಿ ಆಯಸ್ಸು 25 ಇತ್ತಂತೆ, ಈಗ ಅದು 60ರ ಹತ್ರ ಬಂದಿದೆ. ಅಂದ್ರೆ ಜೀವನದ ಮುಕ್ಕಾಲು ಭಾಗ ದೊಡ್ಡೋರಾಗಿ ಬದುಕ್ತಾರೆ, ಆ ಮುಕ್ಕಾಲು ಭಾಗ ಸೋಫಾ ಮೇಲೇನಾ?

ಡಾಕ್ಟ್ರನ್ನ ಕೇಳಿದ್ರೆ "ವಾಕಿಂಗ್ ಮಾಡ್ಸಿ" ಅಂತಾರೆ, ಮುಗೀತು. ಮಾಮೂಲಿ ಜಿಮ್ ಒಂದ್ರಲ್ಲಿ ವಿಚಾರಿಸಿದ್ದಕ್ಕೆ "ಬೇರೆ ಮೆಂಬರ್ಸ್‌ಗೆ ಡಿಸ್ಟರ್ಬ್ ಆಗುತ್ತೆ ಮೇಡಂ, ಏನಾದ್ರೂ ಆದ್ರೆ ಜವಾಬ್ದಾರಿ ಯಾರದ್ದು" ಅಂದ್ರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ 30ನೇ ಸೆಕ್ಷನ್ನು ಇರೋದೇ ಕ್ರೀಡೆ ಬಗ್ಗೆ, ಇವರೂ ಆಟೋಟದಲ್ಲಿ ಭಾಗವಹಿಸೋ ಹಾಗೆ ಸರ್ಕಾರ ವ್ಯವಸ್ಥೆ ಮಾಡ್ಬೇಕು ಅಂತ, ಆದ್ರೆ ಜಿಮ್ ರಿಸೆಪ್ಷನಲ್ಲಿ ನಿಂತ್ಕೊಂಡು ಸೆಕ್ಷನ್ ಹೇಳಿ ತಮ್ಮನ್ನ ಟ್ರೆಡ್‌ಮಿಲ್ ಹತ್ಸಕ್ಕಾಗುತ್ತಾ.

ಹಾಗಾಗಿ ಸರಸ್ವತಿಪುರಂ ಕಡೆ ಇರೋ ಈ ಬ್ಯಾಚಿಗೆ ಸೇರಿಸಿದ್ವಿ. ವರ್ಷದ ಮೇಲಾಯ್ತು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ 5ರಿಂದ 6. ಹನ್ನೆರಡು ಜನಕ್ಕಿಂತ ಜಾಸ್ತಿ ತಗೊಳಲ್ಲ, ಇಬ್ರು ಟ್ರೈನರ್ಸು, ಜೊತೆಗೆ ಕಾಲೇಜಿಂದ ಬರೋ ಮೂರ್ನಾಲ್ಕು ವಾಲಂಟಿಯರ್ಸು.

ನಾನು ಯಾವ್ದೇ ಇಂಥ ಜಾಗಕ್ಕೆ ಹೋದ್ರೂ ನೋಡೋದು ಒಂದೇ: ಒಂದ್ ಗಂಟೆ ಕ್ಲಾಸು ಅಂದ್ರೆ ಅದ್ರಲ್ಲಿ ನಮ್ಮೋರ ಮೈ ನಿಜವಾಗ್ಲೂ ಆಡೋದು ಎಷ್ಟ್ ನಿಮಿಷ. ಇದಕ್ಕೆ ಮುಂಚೆ ನೋಡಿದ ಒಂದು ಕಡೆ ಚೆನ್ನಾಗಿರೋ ಹಾಲು, ಗೋಡೆ ತುಂಬ ಬಣ್ಣದ ಚಿತ್ರ, ಸಾಲಾಗಿ ನಿಲ್ಸಿ ಒಬ್ಬೊಬ್ರನ್ನೇ ಕರೆದು ಬುಟ್ಟಿಗೆ ಬಾಲ್ ಹಾಕ್ಸೋರು, ಹಾಕಿದ್ರೆ ಎಲ್ಲಾರೂ ಚಪ್ಪಾಳೆ, ಮತ್ತೆ ಹೋಗಿ ಸಾಲಿನ ಕೊನೇಲಿ ನಿಂತ್ಕೊಳೋದು. ಲೆಕ್ಕ ಹಾಕಿದ್ರೆ ಒಬ್ಬೊಬ್ರಿಗೆ ಐದಾರು ನಿಮಿಷದ ಕೆಲ್ಸ, ಉಳಿದಿದ್ದೆಲ್ಲಾ ರೇಷನ್ ಅಂಗಡಿ ಕ್ಯೂ. ಅದಕ್ಕೆ ಹೆಸರು ಮಾತ್ರ ದೊಡ್ಡದು, ಅಡಾಪ್ಟೆಡ್ ಫಿಸಿಕಲ್ ಎಜುಕೇಶನ್ ಅಂತೆ.

ಇಲ್ಲಿ ಸಾಲೇ ಇಲ್ಲ. ಹಾಲಲ್ಲಿ ಸುತ್ತ ಆರು ಸ್ಟೇಷನ್ ಇಟ್ಟಿರ್ತಾರೆ, ಇಬ್ಬಿಬ್ರು ಒಂದೊಂದು ಕಡೆ. ಒಂದ್ರಲ್ಲಿ ಮಣೆ ಎತ್ತರದ ಮೆಟ್ಲು ಹತ್ತೋದು ಇಳಿಯೋದು, ಒಂದ್ರಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂತ್ಕೊಳೋದು, ಒಂದ್ರಲ್ಲಿ ಕಿಟಕಿ ಸರಳಿಗೆ ಕಟ್ಟಿರೋ ರಬ್ಬರ್ ಬ್ಯಾಂಡ್ ಎಳೆಯೋದು, ಒಂದ್ರಲ್ಲಿ ಮರಳು ತುಂಬಿದ ಕ್ಯಾನ್ ಎತ್ಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆಯೋದು, ನೆಲದ ಮೇಲೆ ಟೇಪ್ ಅಂಟ್ಸಿರೋ ಗೆರೆ ಮೇಲೆ ಹೆಜ್ಜೆ ಇಡೋದು ಒಂದು, ಕೊನೇದು ಬಾಲ್ ಗೋಡೆಗೆ ಎಸೆದು ಹಿಡಿಯೋದು. ಶಿಳ್ಳೆ ಊದಿದ್ರೆ ಮುಂದಿನ ಸ್ಟೇಷನ್ನು. ಪ್ರತಿ ಸ್ಟೇಷನಲ್ಲೂ ಗೋಡೆ ಮೇಲೆ ಫೋಟೋ, ಕಾರ್ಟೂನ್ ಅಲ್ಲ, ಇದೇ ಬ್ಯಾಚಿನವರು ಅದೇ ಎಕ್ಸರ್‌ಸೈಜ್ ಮಾಡ್ತಿರೋ ಫೋಟೋ. ನನ್ ತಮ್ಮಂಗೆ ಓದಕ್ಕೆ ಬರಲ್ಲ, ಆದ್ರೆ ಫೋಟೋ ನೋಡಿದ ತಕ್ಷಣ ಏನ್ ಮಾಡ್ಬೇಕು ಅಂತ ಗೊತ್ತಾಗುತ್ತೆ, ಯಾರೂ ಪಕ್ಕದಲ್ಲಿ ನಿಂತು ಕೈ ಹಿಡ್ದು ಮಾಡ್ಸಬೇಕಾಗಿಲ್ಲ. ಎರಡು ಸುತ್ತು ಮುಗಿಯೋಷ್ಟರಲ್ಲಿ ಟೀಶರ್ಟ್ ಬೆನ್ನು ಪೂರ್ತಿ ಒದ್ದೆ. ಬಾಗಿಲ ಸಂದೀಲಿ ಕದ್ದು ನಿಂತು ಗಡಿಯಾರ ನೋಡಿದೀನಿ, ಒಂದ್ ಗಂಟೇಲಿ ಹತ್ರತ್ರ 40 ನಿಮಿಷ ಮೈ ಆಡುತ್ತೆ. ಈ ಬ್ಯಾಚಿಗೆ ನಾನ್ ಕೊಡೋ ಸ್ಟಾರಲ್ಲಿ ಮುಕ್ಕಾಲು ಇದಕ್ಕೇ.

ಕೊನೇ ಹದಿನೈದು ನಿಮಿಷ ಆಟ. ಸೋಮವಾರ ಬೋಚೆ ಅಂತ ಒಂದು ಆಟ, ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಒಂದು ಚಿಕ್ಕ ಬಾಲ್ ಮೊದ್ಲು ಉರುಳಿಸಿ ಆಮೇಲೆ ಒಂದೊಂದು ಕಡೆಯೋರು ನಾಕು ನಾಕು ದೊಡ್ಡ ಬಾಲ್ ಅದ್ರ ಹತ್ರ ಹೋಗೋ ಹಾಗೆ ಉರುಳಿಸೋದು, ಬೌದ್ಧಿಕ ಅಂಗವೈಕಲ್ಯ ಇರೋರಿಗೆ ಅಂತಾನೇ ನಡೆಯೋ ಸ್ಪೆಷಲ್ ಒಲಿಂಪಿಕ್ಸಲ್ಲಿ ಇರೋ ಆಟಾನೇ. ಬುಧವಾರ ಲಗೋರಿ. ಶುಕ್ರವಾರ ಕೋಲಾಟ, ಇದು ಯಾರ ಐಡಿಯಾನೋ ಗೊತ್ತಿಲ್ಲ ಆದ್ರೆ ಒಳ್ಳೇ ಐಡಿಯಾ, ಎಡಗೈ ಬಲಗೈ ಎರಡೂ ಕೆಲ್ಸ ಮಾಡ್ಬೇಕು, ಎದುರಿಗಿರೋರನ್ನ ನೋಡ್ಬೇಕು, ಸುತ್ತಬೇಕು, ತಾಳ ಜಾಸ್ತಿ ಆದ್ರೆ ಉಸಿರೂ ಜಾಸ್ತಿ. ವಾಲಂಟಿಯರ್ ಹುಡುಗರು ಅಲ್ಲಿ ಆಟ ಆಡ್ಸಲ್ಲ, ಜೊತೇಲಿ ಆಡ್ತಾರೆ, ಸೋಲ್ತಾರೆ, ಬೈಸ್ಕೋತಾರೆ. ನನ್ ತಮ್ಮ ಲಗೋರಿಲಿ ಗುರಿ ಇಟ್ಟು ಹೊಡೀತಾನೆ ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ.

ಸೇರಿಸ್ಕೊಳೋವಾಗ ಇವರು ಕೇಳೋ ಪ್ರಶ್ನೆಗಳ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಇಲ್ಲಿ ಕೆಲವು ಅಪ್ಪ ಅಮ್ಮಂದಿರು "ಎಷ್ಟೊಂದು ಪೇಪರ್ ಕೇಳ್ತಾರೆ" ಅಂತ ಗೊಣಗ್ತಾರೆ. ಕೇಳ್ಲಿ ಬಿಡಿ. ಡೌನ್ ಸಿಂಡ್ರೋಮ್ ಇರೋರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆ ಮಧ್ಯೆ ಕಟ್ಟು ಸಡಿಲ ಇರಬಹುದು, ಎಲ್ಲಾರಿಗೂ ಅಲ್ಲ, ಕೆಲವರಿಗೆ. ಅಂಥೋರಿಗೆ ತಲೆ ಕೆಳಗೆ ಮಾಡಿ ಪಲ್ಟಿ ಹೊಡೆಸೋದು, ಟ್ರ್ಯಾಂಪೊಲಿನ್ ಮೇಲೆ ಕುಣಿಸೋದು, ಈಜುಕೊಳಕ್ಕೆ ತಲೆ ಮುಂದಾಗಿ ಡೈವ್ ಹೊಡೆಸೋದು, ಬಟರ್‌ಫ್ಲೈ ಈಜಿಸೋದು ಡೇಂಜರ್. ಕುತ್ತಿಗೆ ನೋವು, ತಲೆ ಒಂದ್ ಕಡೆ ವಾಲ್ಸೋದು, ನಡಿಗೆ ಬದಲಾಗೋದು, ಕೈಲಿ ಹಿಡಿತ ಕಮ್ಮಿ ಆಗೋದು, ಇದ್ದಕ್ಕಿದ್ದ ಹಾಗೆ ಬಟ್ಟೇಲಿ ಒಂದ ಮಾಡ್ಕೊಳೋದು, ಇಂಥದ್ದು ಕಂಡ್ರೆ ಎಕ್ಸರ್‌ಸೈಜ್ ನಿಲ್ಸಿ ಡಾಕ್ಟ್ರ ಹತ್ರ ಓಡ್ಬೇಕು. ಇದನ್ನ ಇಲ್ಲಿನ ಟ್ರೈನರ್ ಮೊದಲ ದಿನಾನೇ ಅಮ್ಮಂಗೆ ಕೂರ್ಸಿ ಹೇಳಿದ್ರು, ಅಷ್ಟು ವರ್ಷದಲ್ಲಿ ಯಾರೂ ಹೇಳಿರ್ಲಿಲ್ಲ. ಯೋಗ ಕ್ಲಾಸ್ ಅಂತ ಹೋಗಿ ಶೀರ್ಷಾಸನ, ಸರ್ವಾಂಗಾಸನ ಮಾಡ್ಸೋರೂ ಇದಾರೆ, ದಯವಿಟ್ಟು ಹುಷಾರು.

ಇನ್ನೊಂದು ಹಾರ್ಟ್ ರೇಟ್ ವಿಷ್ಯ. ಸ್ಮಾರ್ಟ್‌ವಾಚ್ ಹಾಕ್ಕೊಂಡಿರೋರಿಗೆಲ್ಲ ಗೊತ್ತು, 220ರಲ್ಲಿ ವಯಸ್ಸು ಕಳೆದ್ರೆ ಗರಿಷ್ಠ ಬಡಿತ ಅಂತ, ಆ ಲೆಕ್ಕದಲ್ಲಿ ನನ್ ತಮ್ಮಂಗೆ 186 ಬರುತ್ತೆ. ಆದ್ರೆ ಡೌನ್ ಸಿಂಡ್ರೋಮ್ ಇರೋರಿಗೆ ಎಷ್ಟೇ ಕಷ್ಟಪಟ್ರೂ ಬಡಿತ ಅಷ್ಟು ಮೇಲಕ್ಕೆ ಹೋಗಲ್ಲ, ಅವರ ದೇಹ ಇರೋದೇ ಹಾಗೆ. ಇದು ಗೊತ್ತಿಲ್ದೆ ವಾಚ್ ನೋಡ್ಕೊಂಡು "ಇನ್ನೂ ಜೋರಾಗಿ, ಇನ್ನೂ ಜೋರಾಗಿ" ಅನ್ನೋ ಟ್ರೈನರ್ ಸಿಕ್ಕಿದ್ರೆ ಕಥೆ ಮುಗೀತು, ಇಲ್ಲಾ "ಸೋಮಾರಿ" ಅಂತ ಹೆಸರಿಡ್ತಾರೆ. ಇಲ್ಲಿ ವಾಚ್ ಇಲ್ಲ. ಮಾತಾಡ್ಸಿ ನೋಡ್ತಾರೆ, ಮಾತಾಡಕ್ಕಾಗ್ತಿದೆ ಆದ್ರೆ ಹಾಡು ಹೇಳಕ್ಕಾಗ್ತಿಲ್ಲ ಅಂದ್ರೆ ಸರಿಯಾದ ಲೆವೆಲ್ಲು. ಮಾತು ಬರದೇ ಇರೋರಿಗೆ ಮುಖದ ಚಿತ್ರದ ಚಾರ್ಟ್ ಇದೆ, ನಗ್ತಿರೋ ಮುಖದಿಂದ ಸುಸ್ತಾದ ಮುಖದವರೆಗೂ, ಬೆರಳಿಟ್ಟು ತೋರಿಸ್ತಾರೆ. ನೋವು ಇದ್ರೂ ಇವರು ತಡವಾಗಿ ಹೇಳ್ತಾರೆ ಇಲ್ಲಾ ಹೇಳೋದೇ ಇಲ್ಲ, ಅದಕ್ಕೆ ಕ್ಲಾಸ್ ಮುಗಿದ್ಮೇಲೆ ಶೂ ಬಿಚ್ಚಿಸಿ ಕಾಲು ನೋಡ್ತಾರೆ, ಬೊಬ್ಬೆ ಬಂದಿದ್ಯಾ ಅಂತ. ಈ ಒಂದು ಅಭ್ಯಾಸ ನಮ್ಮನೇಲೂ ಶುರುವಾಯ್ತು.

ಫಿಟ್ಸ್ ಬರೋರಿಗೆ ಬೇರೆ ಫಾರ್ಮ್ ಇದೆ, ಮಾತ್ರೆ ಹೆಸರು, ಟೈಮು, ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಎಲ್ಲಾ. ನಡವಳಿಕೆ ಕಂಟ್ರೋಲ್‌ಗೆ ಅಂತ ರಿಸ್ಪೆರಿಡೋನ್ ತರದ ಮಾತ್ರೆ ತಗೊಳೋರಿಗೆ ಹಸಿವು ಜಾಸ್ತಿ, ತೂಕ ಬೇಗ ಏರುತ್ತೆ, ಅಂಥೋರನ್ನ "ತಿಂಡಿಪೋತ" ಅಂತ ರೇಗಿಸ್ಬಾರ್ದು ಅಂತ ವಾಲಂಟಿಯರ್ಸ್‌ಗೂ ಹೇಳಿರ್ತಾರೆ, ನಾನೇ ಕೇಳಿಸ್ಕೊಂಡಿದೀನಿ.

ತಿಂಡಿ ಅಂದಾಗ ನೆನಪಾಯ್ತು. ಇಲ್ಲಿ ಬಹುಮಾನ ಅಂತ ಬಿಸ್ಕತ್ತು ಚಾಕ್ಲೇಟ್ ಕೊಡಲ್ಲ. ಚಿಕ್ಕಂದಿನಿಂದ ನಮ್ಮೋರಿಗೆ ಎಲ್ಲಾರೂ ಇದನ್ನೇ ಕಲ್ಸಿರೋದು, ಕೂತ್ಕೋ ಒಂದು ಚಾಕ್ಲೇಟ್, ಎದ್ದೇಳು ಒಂದು ಬಿಸ್ಕತ್ತು, 34 ವರ್ಷಕ್ಕೆ ಅದ್ರ ತೂಕ ನೀವೇ ಲೆಕ್ಕ ಹಾಕ್ಕೊಳಿ. ಇಲ್ಲಿ ಬಹುಮಾನ ಅಂದ್ರೆ ಮುಂದಿನ ಹಾಡು ಯಾವ್ದು ಅಂತ ನೀನೇ ಆರಿಸು. ನನ್ ತಮ್ಮ ಪ್ರತಿ ಸಲ ಅದೇ ಹಳೇ ಹಾಡು ಆರಿಸ್ತಾನೆ, ಉಳಿದೋರಿಗೆ ಸಾಕಾಗಿದೆ, ಆದ್ರೂ ರೂಲ್ ಅಂದ್ರೆ ರೂಲು.

ಆರಿಸೋದು ಅಂದ್ರೆ ಹಾಡೊಂದೇ ಅಲ್ಲ. ಯಾವ ಸ್ಟೇಷನಿಂದ ಶುರು ಮಾಡ್ತೀಯ, ಯಾರ ಜೊತೆ ಜೋಡಿ, ಇವತ್ತು ಮಾಡ್ತೀಯಾ ಇಲ್ವಾ, ಎಲ್ಲಾ ಅವರನ್ನೇ ಕೇಳ್ತಾರೆ. ಬೇಡ ಅಂದ್ರೆ ಪಕ್ಕದಲ್ಲಿ ಕೂರಬಹುದು, ಯಾರೂ ಎಳೆದಾಡಲ್ಲ, ಹತ್ತು ನಿಮಿಷಕ್ಕೊಂದ್ಸಲ ಬಂದು "ಬರ್ತೀರಾ?" ಅಂತ ಕೇಳಿ ಹೋಗ್ತಾರೆ ಅಷ್ಟೇ. ಮನೇಲಿ ಅವನು ಎಲ್ಲಾರಿಗೂ ಪುಟ್ಟ, ಬೀದಿಯೋರಿಗೂ ಪುಟ್ಟ. ಟ್ರೈನರ್ ಮಾತ್ರ ಪೂರ್ತಿ ಹೆಸರಿಟ್ಟು "ಬನ್ನಿ, ಹೋಗಿ" ಅಂತಾರೆ. ಮೊದಲ ವಾರ ತಮ್ಮನ್ನ ಕೇಳಿದ ಪ್ರಶ್ನೆಗೆಲ್ಲ ಅಮ್ಮ ಉತ್ತರ ಕೊಡಕ್ಕೆ ಹೋದ್ರೆ "ಅಮ್ಮ, ಸ್ವಲ್ಪ ಇರಿ, ಅವರೇ ಹೇಳ್ಲಿ" ಅಂತ ತಡೆದ್ರು. ಅಮ್ಮಂಗೆ ಬೇಜಾರಾಯ್ತು, ಮನೆಗೆ ಬಂದು ನನ್ ಹತ್ರ ಗೊಣಗಿದ್ರು, ನನಗೆ ಒಳಗೊಳಗೇ ಖುಷಿ.

ಸರಿ, ಹೊಗಳಿದ್ದು ಸಾಕು. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಹೇಳ್ತೀನಿ.

ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಕೊಟ್ಟ ಗೈಡ್‌ಲೈನಲ್ಲಿ ಅಂಗವೈಕಲ್ಯ ಇರೋ ದೊಡ್ಡೋರಿಗೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ, ಜೊತೆಗೆ ವಾರಕ್ಕೆ ಎರಡು ದಿನ ಆದ್ರೂ ಮಾಂಸಖಂಡಕ್ಕೆ ಬಲ ಬರೋ ಎಕ್ಸರ್‌ಸೈಜ್ ಅಂತ ಹೇಳಿದಾರೆ, ಬೌದ್ಧಿಕ ಅಂಗವೈಕಲ್ಯ ಇರೋರೂ ಅದ್ರಲ್ಲಿ ಸೇರಿದಾರೆ. ಬಲದ್ದು ಇಲ್ಲಿ ಆಗುತ್ತೆ. ಆದ್ರೆ ನಿಮಿಷದ ಲೆಕ್ಕ ಹಾಕಿ, 40 ಇಂಟು 3 ಅಂದ್ರೆ 120. ಕನಿಷ್ಠಕ್ಕೂ 30 ಕಮ್ಮಿ. ಆ 30 ನಿಮಿಷ ಮನೆಯೋರ ತಲೆ ಮೇಲೆ. ನಾವೇನೋ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತೀವಿ, ಪೂರ್ತಿ ಸುತ್ತು ಹಾಕಲ್ಲ, ಅರ್ಧಕ್ಕೆ ಹೋಗಿ ಹಕ್ಕಿ ನೋಡಿ ವಾಪಸ್ಸು. ಆದ್ರೆ ಈ ಬ್ಯಾಚಿಗೆ ಬರೋ ಒಬ್ರ ಜೊತೆ ಬರೋದು 78 ವರ್ಷದ ತಾಯಿ, ಅವರ ಮಂಡಿ ಆಪರೇಷನ್ ಆಗಿದೆ, ಅವರಿಗೆ ಹೋಗಿ "ಮನೇಲಿ ಪ್ರಾಕ್ಟೀಸ್ ಮಾಡ್ಸಿ" ಅಂದ್ರೆ ಹೇಗೆ? ಹೋಮ್ ಪ್ರೋಗ್ರಾಂ ಅಂತ ಒಂದು ಶೀಟ್ ಕೊಡ್ತಾರೆ, ಅದೂ ಇಂಗ್ಲಿಷಲ್ಲಿ, ಗೆರೆ ಗೆರೆ ಚಿತ್ರ. ಗೋಡೆ ಮೇಲೆ ಅಷ್ಟು ಚೆನ್ನಾಗಿರೋ ಫೋಟೋ ಇಟ್ಕೊಂಡು ಮನೆಗೆ ಈ ಜೆರಾಕ್ಸ್ ಯಾಕೆ ಕೊಡ್ತೀರ, ಅದೇ ಫೋಟೋನ ವಾಟ್ಸಾಪಲ್ಲಿ ಕಳಿಸಿ ಸಾಕು. ಹೇಳಿದೀನಿ, "ಮಾಡ್ತೀವಿ ಮೇಡಂ" ಅಂತಾರೆ, ಇನ್ನೂ ಮಾಡಿಲ್ಲ.

ಹೆಣ್ಣುಮಕ್ಕಳ ವಿಷ್ಯ ಇನ್ನೂ ಕೆಟ್ಟದಾಗಿದೆ. ಹನ್ನೆರಡರಲ್ಲಿ ಹೆಂಗಸರು ಮೂರೇ ಜನ. ಇಬ್ರು ಟ್ರೈನರಲ್ಲಿ ಒಬ್ರು ಲೇಡಿ, ಅವರು ರಜ ಹಾಕಿದ ದಿನ ಆ ಮೂರು ಜನ ಮೂಲೇಲಿ ಕೂತಿರ್ತಾರೆ, ಯಾಕಂದ್ರೆ ಬ್ಯಾಂಡ್ ಸರಿ ಮಾಡಕ್ಕೆ, ಭುಜ ಹಿಡ್ದು ತೋರ್ಸಕ್ಕೆ ಗಂಡಸು ಟ್ರೈನರ್ ಹೋಗಲ್ಲ, ಹೋಗ್ಬಾರ್ದು ಅಂತ ಮನೆಯೋರೂ ಹೇಳಿದಾರೆ. ಅದು ಸರೀನೇ, ತಪ್ಪಿರೋದು ಬದಲಿ ಲೇಡಿ ಟ್ರೈನರ್ ಇಟ್ಕೊಳ್ದೇ ಇರೋದ್ರಲ್ಲಿ. ಫೀಸ್ ಮಾತ್ರ ಮೂರು ಜನಕ್ಕೂ ಅಷ್ಟೇ. ಹೆಣ್ಣುಮಕ್ಕಳನ್ನ ಮನೆಯಿಂದ ಹೊರಗೆ ಕಳ್ಸೋದೇ ಕಮ್ಮಿ, ಕಳ್ಸಿದ ಮೂರು ಮನೆಯೋರಿಗೂ ಈ ಗತಿ ಅಂದ್ರೆ ನಾಲ್ಕನೆಯೋರು ಯಾಕ್ ಬರ್ತಾರೆ.

ಇನ್ನು ವೀಲ್‌ಚೇರಲ್ಲಿರೋರಿಗೆ, ತುಂಬಾ ಸಪೋರ್ಟ್ ಬೇಕಾದೋರಿಗೆ ಇಲ್ಲಿ ಜಾಗ ಇಲ್ಲ. "ನಮ್ಮ ಹತ್ರ ಅಷ್ಟು ಸ್ಟಾಫ್ ಇಲ್ಲ" ಅಂತ ನೇರವಾಗಿ ಹೇಳ್ತಾರೆ, ನೇರವಾಗಿ ಹೇಳಿದ್ದು ಒಳ್ಳೇದು, ಆದ್ರೆ ಇಲ್ಲ ಅನ್ನೋದು ಇಲ್ಲಾನೇ. ಸ್ಪೆಷಲ್ ಒಲಿಂಪಿಕ್ಸಲ್ಲೇ ಅಂಥೋರಿಗೋಸ್ಕರ ಮೋಟಾರ್ ಆ್ಯಕ್ಟಿವಿಟಿ ಟ್ರೈನಿಂಗ್ ಅಂತ ಪ್ರೋಗ್ರಾಂ ಇದೆ, ಗೆಲ್ಲೋದು ಸೋಲೋದು ಇಲ್ದೆ, ಒಂದು ಬಾಲ್ ತಳ್ಳೋದು, ಕತ್ತು ಎತ್ತೋದು, ಕೈ ಚಾಚೋದು, ಅವರವರಿಗೆ ತಕ್ಕ ಹಾಗೆ. ಬೋಚೆ ತಂದೋರಿಗೆ ಇದನ್ನ ತರಕ್ಕೆ ಕಷ್ಟ ಏನಿಲ್ಲ ಅನ್ಸುತ್ತೆ. ಟಾಯ್ಲೆಟ್ ಮುಂದೆ ಅರ್ಧ ಅಡಿ ಮೆಟ್ಲಿದೆ, ಹಿಡ್ಕೊಳಕ್ಕೆ ಸರಳಿಲ್ಲ, ಮೊದ್ಲು ಅದನ್ನ ಸರಿ ಮಾಡ್ಸಿ.

ಸೌಂಡು. ಕೋಲಾಟದ ದಿನ ಸ್ಪೀಕರ್ ಎಷ್ಟು ಜೋರು ಅಂದ್ರೆ ಹೊರಗೆ ರೋಡಿಗೆ ಕೇಳುತ್ತೆ. ಬ್ಯಾಚಲ್ಲಿ ಆಟಿಸಂ ಇರೋರು ಇಬ್ರಿದಾರೆ, ಒಬ್ರು ಕಿವಿ ಮುಚ್ಕೊಂಡು ಗೋಡೆ ಕಡೆ ಮುಖ ಮಾಡಿ ನಿಂತ್ಕೋತಾರೆ. ಅವರಿಗೆ ಹೆಡ್‌ಫೋನ್ ಕೊಟ್ಟಿದಾರಂತೆ. ಹೆಡ್‌ಫೋನ್ ಬದ್ಲು ವಾಲ್ಯೂಮ್ ಕಮ್ಮಿ ಮಾಡಿದ್ರೆ ಖರ್ಚೂ ಇಲ್ಲ.

ಆಮೇಲೆ ಫೋಟೋ. ಸೇರೋವಾಗ ಫಾರ್ಮಲ್ಲಿ ಸಣ್ಣಕ್ಷರದಲ್ಲಿ ಫೋಟೋ ವಿಡಿಯೋ ಬಳಸ್ಕೊಳಕ್ಕೆ ಒಪ್ಪಿಗೆ ಅಂತ ಇರುತ್ತೆ, ಟಿಕ್ ಹಾಕೋದಕ್ಕೆ ಮುಂಚೆ ಓದಿ. ಪ್ರತಿ ವಾರ ಇನ್‌ಸ್ಟಾಗ್ರಾಮಲ್ಲಿ ಒಂದು ರೀಲು, ಹಿಂದ್ಗಡೆ ಅಳಿಸೋ ಮ್ಯೂಸಿಕ್ಕು, ಮೇಲ್ಗಡೆ "ಸ್ಪೂರ್ತಿ" ಅಂತ ಬರಹ. ಕುರ್ಚಿಯಿಂದ ಎದ್ದು ಕೂತ್ರೆ ಅದ್ರಲ್ಲಿ ಯಾರಿಗೆ ಏನ್ ಸ್ಪೂರ್ತಿ ಬಂತೋ. ನಾನು ಫಾರ್ಮಲ್ಲಿ ಬೇಡ ಅಂತ ಗೀಟು ಹಾಕಿದೆ, ಒಪ್ಕೊಂಡ್ರು, ಹಾಕಿಲ್ಲ. ಗೋಡೆ ಫೋಟೋಗೆ ಮಾತ್ರ ತಮ್ಮನ್ನೇ ಕೇಳಿದ್ರು, ಅವನು ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಪೋಸ್ ಕೊಟ್ಟ.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಮಾರ್ಚ್ 21ಕ್ಕೆ, ವಿಶ್ವ ಡೌನ್ ಸಿಂಡ್ರೋಮ್ ದಿನ. 21ನೇ ಕ್ರೋಮೋಸೋಮ್ ಮೂರು ಇರುತ್ತೆ ಅಂತ ಮೂರನೇ ತಿಂಗಳ 21ನೇ ತಾರೀಕು ಇಟ್ಟಿದಾರೆ. ದೊಡ್ಡ ಪೆಂಡಾಲು, ಬ್ಯಾನರು, ಮುಖ್ಯ ಅತಿಥಿಗಳು. ಅತಿಥಿಗಳು ಬಂದಿದ್ದು ತುಂಬಾ ಲೇಟು, ಅಲ್ಲಿವರೆಗೂ ನಮ್ಮೋರನ್ನೆಲ್ಲ ಬಿಸಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಸಾಲಾಗಿ ಕೂರ್ಸಿದ್ರು, ಎದ್ರೆ ವಾಲಂಟಿಯರ್ ಬಂದು ಕೂರ್ಸೋದು. ಆಮೇಲೆ ಪೇಟ, ಶಾಲು, ಭಾಷಣ. ವ್ಯಾಯಾಮದ ಮಹತ್ವ ಅಂತ ಭಾಷಣ! ಕೋಲಾಟಕ್ಕೆ ಟೈಮಿಲ್ಲ ಅಂತ ಎರಡೇ ನಿಮಿಷಕ್ಕೆ ನಿಲ್ಸಿದ್ರು. ವರ್ಷಪೂರ್ತಿ ಕೂರ್ಸಬೇಡಿ ಅಂತ ಹೇಳ್ಕೊಡೋರೇ ಅವತ್ತು ಬೆಳಗ್ಗೆಯೆಲ್ಲ ಕೂರ್ಸಿದ್ರು.

ಕೆಲವರು ಕೇಳ್ತಾರೆ, ಇಲ್ಲಿ ಸೇರಿದ್ರೆ ಸ್ಪೆಷಲ್ ಒಲಿಂಪಿಕ್ಸಿಗೆ ಕಳಿಸ್ತಾರಾ ಅಂತ. ಆಸಕ್ತಿ ಇರೋರಿಗೆ ದಾರಿ ತೋರಿಸ್ತಾರೆ, ಅಷ್ಟೇ, ಇದು ಮೆಡಲ್ ಫ್ಯಾಕ್ಟರಿ ಅಲ್ಲ. 2023ರಲ್ಲಿ ಬರ್ಲಿನಲ್ಲಿ ನಮ್ಮ ದೇಶದೋರು 202 ಮೆಡಲ್ ತಂದ್ರು, ಅದ್ರಲ್ಲಿ 76 ಚಿನ್ನ, ಹೆಮ್ಮೆ ಖಂಡಿತ ಇದೆ. ಅಲ್ಲಿನ ಒಂದು ಪದ್ಧತಿ ನನಗೆ ತುಂಬಾ ಇಷ್ಟ, ಡಿವಿಷನಿಂಗ್ ಅಂತಾರೆ, ವಯಸ್ಸು, ಗಂಡು ಹೆಣ್ಣು, ಆಮೇಲೆ ಅವರವರ ಸಾಮರ್ಥ್ಯ ನೋಡಿ ಸರಿಸಮಾನರನ್ನೇ ಒಂದೊಂದು ಗುಂಪು ಮಾಡಿ ಓಡಿಸ್ತಾರೆ, ಹಾಗಾಗಿ ನಿಧಾನವಾಗಿ ಓಡೋರ ಗುಂಪಲ್ಲೂ ಚಿನ್ನ ಇರುತ್ತೆ. 8 ವರ್ಷ ತುಂಬಿದ್ರೆ ಸ್ಪರ್ಧಿಸಬಹುದು, ಮೇಲಕ್ಕೆ ವಯಸ್ಸಿನ ಮಿತಿ ಇಲ್ಲ, 60 ಆದ್ರೂ ಆಡಬಹುದು. ಆದ್ರೆ ನಮ್ಮೋರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಬರ್ಲಿನ್‌ಗೂ ಹೋಗಲ್ಲ, ಬೆಂಗಳೂರಿನ ಕಂಠೀರವಕ್ಕೂ ಹೋಗಲ್ಲ. ಅವರಿಗೆ ಬೇಕಾಗಿರೋದು ಸೋಮವಾರ ಬುಧವಾರ ಶುಕ್ರವಾರ. ಮೆಡಲ್ ಬಂದೋರ ಸುದ್ದಿ ಪೇಪರಲ್ಲಿ ಬರುತ್ತೆ, ವಾರಕ್ಕೆ ಮೂರು ದಿನ ಟೀಶರ್ಟ್ ಒದ್ದೆ ಮಾಡ್ಕೊಳೋರ ಬಗ್ಗೆ ಯಾರ್ ಬರೀತಾರೆ, ಅದಕ್ಕೇ ಇಷ್ಟುದ್ದ ನಾನೇ ಬರೀತಿದೀನಿ.

ಏನ್ ಬದಲಾಯ್ತು ಅಂತಾನೂ ಕೇಳ್ತೀರ. ತೂಕ ಹೇಳ್ಕೊಳೋ ಅಷ್ಟು ಇಳಿದಿಲ್ಲ. ಬರೀ ಎಕ್ಸರ್‌ಸೈಜಿಂದ ಇಳಿಯೋದೂ ಕಷ್ಟ, ಥೈರಾಯ್ಡ್ ಬೇರೆ, ಊಟ ನಮ್ಮ ಕೈಲಿರೋದು, ಅಮ್ಮ ತಟ್ಟೆಗೆ ಎರಡನೇ ಸಲ ಅನ್ನ ಬಡಿಸೋದು ನಿಲ್ಸಿಲ್ಲ. ಆದ್ರೆ ನೆಲದ ಮೇಲೆ ಕೂತೋನು ಯಾರ ಕೈನೂ ಹಿಡೀದೆ ಏಳ್ತಾನೆ. ಮುಂಚೆ ಮದುವೆ ಮನೇಲಿ ಪಂಕ್ತಿಗೆ ಕೂರ್ಸಿದ್ರೆ ಎಬ್ಬಿಸಕ್ಕೆ ಇಬ್ರು ಬೇಕಿತ್ತು. ಬಸ್ ಮೆಟ್ಲು ತಾನೇ ಹತ್ತುತ್ತಾನೆ. ಮಲಬದ್ಧತೆಗೆ ಅಂತ ತಗೋತಿದ್ದ ಪುಡಿ ನಿಂತಿದೆ. ರಾತ್ರಿ ಹತ್ತಕ್ಕೆ ನಿದ್ದೆ. ಡಿಸೆಂಬರಲ್ಲಿ ಬ್ಯಾಚಿನೋರೆಲ್ಲ ಸೇರಿ ಚಾಮುಂಡಿ ಬೆಟ್ಟದ ಮೆಟ್ಲು ಹತ್ತಿದ್ರು, ನಂದಿವರೆಗೆ, ಅಂದ್ರೆ 700 ಮೆಟ್ಲು, ಅಲ್ಲಲ್ಲಿ ಕೂತ್ಕೊಂಡು ನೀರು ಕುಡ್ಕೊಂಡು. ನಾಲ್ಕು ಜನ ಅರ್ಧಕ್ಕೆ ಸಾಕು ಅಂದ್ರು, ಅವರನ್ನ ಒತ್ತಾಯ ಮಾಡ್ಲಿಲ್ಲ. ನನ್ ತಮ್ಮ ನಂದಿ ಮುಟ್ಟಿ ಕಡ್ಲೆಕಾಯಿ ಕೊಡ್ಸಿಲ್ಲ ಅಂತ ಜಗಳ ಆಡ್ದ.

ಇನ್ನೊಂದು ಬದಲಾವಣೆ ಇದೆ, ಅದು ಫಿಟ್‌ನೆಸ್ ಲೆಕ್ಕಕ್ಕೆ ಬರಲ್ಲ. ಅವನಿಗೆ ಅಂತ ಒಬ್ಬ ಫ್ರೆಂಡ್ ಇದಾನೆ ಈಗ, ಮಂಗಳವಾರ ಗುರುವಾರ ಫೋನ್ ಮಾಡ್ತಾನೆ, ಇಬ್ರೂ "ನಾಳೆ ಬರ್ತೀಯಾ", "ಬರ್ತೀನಿ" ಅಂತ ಅದನ್ನೇ ಅರ್ಧ ಗಂಟೆ ಮಾತಾಡ್ತಾರೆ. ಮನೆಗೆ ಬರೋ ಫೋನೆಲ್ಲ ಇಷ್ಟು ವರ್ಷ ನಮಗೇ ಬರ್ತಿತ್ತು.

ಸೇರಿಸೋರಿಗೆ ಒಂದಷ್ಟು ಉಪಯೋಗಕ್ಕೆ ಬರೋ ಮಾತು. ಫೋನ್ ಮಾಡೋದಕ್ಕಿಂತ ಸಂಜೆ ನಾಲ್ಕೂವರೆಗೆ ನೇರ ಹೋಗಿ, ಫೋನ್ ಎತ್ತಲ್ಲ. ಹಳೇ ಹಾರ್ಟ್ ಎಕೋ ರಿಪೋರ್ಟು, ಈಗ ತಗೊಳೋ ಮಾತ್ರೆ ಪಟ್ಟಿ, ಯುಡಿಐಡಿ ಕಾರ್ಡ್ (ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ) ಜೆರಾಕ್ಸ್ ತಗೊಂಡೋಗಿ. ಮೂರು ಕ್ಲಾಸ್ ಫ್ರೀಯಾಗಿ ನೋಡಬಹುದು, ಆಮೇಲೆ ಅವರೂ ನೀವೂ ಒಪ್ಪಿದ್ರೆ ಫೀಸು. ದಸರಾ ಟೈಮಲ್ಲಿ ಎರಡು ವಾರ ರಜ, ಆ ತಿಂಗಳ ಫೀಸ್ ಕಮ್ಮಿ ಮಾಡಲ್ಲ, ಜಗಳ ಆಡಿ ನೋಡಾಯ್ತು. ಶೂ ಲೇಸಿಂದು ಬೇಡ, ವೆಲ್ಕ್ರೋ ಇರೋದು ತಗೊಳಿ, ಡೌನ್ ಸಿಂಡ್ರೋಮ್ ಇರೋರ ಪಾದ ಗಿಡ್ಡ ಅಗಲ ಇರೋದ್ರಿಂದ ಉದ್ದಕ್ಕೆ ಸರಿಹೋಗೋದು ತಗೊಂಡ್ರೆ ಅಗಲಕ್ಕೆ ಬಿಗಿ ಆಗುತ್ತೆ, ಅಗಲಕ್ಕೆ ಅಂತ ದೊಡ್ಡದು ತಗೊಂಡ್ರೆ ಮುಂದೆ ಎಡವ್ತಾರೆ, ಅವರನ್ನೇ ಅಂಗಡಿಗೆ ಕರ್ಕೊಂಡೋಗಿ ಹಾಕಿ ನಡೆಸಿ ತಗೊಳಿ. ಬಸ್ಸಲ್ಲಿ ಬರೋದಾದ್ರೆ ಅಂಗವಿಕಲರ ಪಾಸ್ ಮಾಡ್ಸಿ, ಜೊತೇಲಿ ಬರೋದು ಅಮ್ಮನೋ ಅಕ್ಕನೋ ಆದ್ರೆ ಶಕ್ತಿ ಯೋಜನೇಲಿ ಅವರಿಗೂ ಫ್ರೀ. ಅಪ್ಪಂದಿರು ಟಿಕೆಟ್ ತಗೊಳಿ.

ಒಳಗೆ ಮನೆಯೋರನ್ನ ಬಿಡಲ್ಲ, ಬಾಗಿಲ ಹತ್ರ ನಿಂತ್ರೂ ಕಳಿಸ್ತಾರೆ. ಕಾರ್ ನಿಲ್ಸಕ್ಕೆ ಜಾಗ ಇಲ್ಲ. ಒಂದ್ ಗಂಟೆ ಕಾಯಕ್ಕೆ ಎದುರಿಗೇ ಒಂದು ದರ್ಶಿನಿ ಇದೆ, ಕಾಫಿ ಚೆನ್ನಾಗಿರುತ್ತೆ, ವಡೆ ಬೆಳಿಗ್ಗೇದೇ ಬಿಸಿ ಮಾಡಿ ಕೊಡ್ತಾರೆ, ತಗೋಬೇಡಿ.